ಕೀಲಿಕೈ ಸಿಕ್ಕ ಮೇಲಿನ ಒಂಬತ್ತು ತಿಂಗಳು

ಬೀದಿಯಲ್ಲೋ ಆಶ್ರಯತಾಣದಲ್ಲೋ ಬೆಳೆದ, ಇಲ್ಲವೇ ಇವತ್ತು ಒಬ್ಬ ಗೆಳೆಯನ ಮನೆ, ನಾಳೆ ಇನ್ನೊಬ್ಬನ ಮನೆ ಎಂದು ದಿನ ದೂಡಿದ ಹುಡುಗನಿಗೆ ಕೊನೆಗೂ ಒಂದು ಕೋಣೆ ಸಿಕ್ಕಿದೆ ಎನ್ನಿ. ನೆರವಿಗೆ ನಿಂತವರು ನಿಟ್ಟುಸಿರು ಬಿಟ್ಟು ಮುಂದಿನ ಹುಡುಗನ ಕಡೆ ಹೊರಡುವುದು ಸಾಮಾನ್ಯವಾಗಿ ಆಗಲೇ. ಕೋಣೆ ಕೈತಪ್ಪಲು ಶುರುವಾಗುವುದೂ ಆಗಲೇ. ಹಾಗೆ ನೆರವಿಗೆ ನಿಲ್ಲುವವರಿಗಾಗಿಯೇ ಈ ಮಾತುಗಳು.

‘ಮೊದಲು ಚಟ ಬಿಡು, ಕೆಲಸ ಹಿಡಿ, ಆಮೇಲೆ ಮನೆ’ ಎನ್ನುವ ಹಳೆಯ ಕ್ರಮವನ್ನು 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ತಿರುಗಿಸಿ ಹಾಕಿದರು. ಮೊದಲು ಮನೆ, ಮಿಕ್ಕಿದ್ದೆಲ್ಲ ಆಮೇಲೆ ಎನ್ನುವ ಈ ‘ಹೌಸಿಂಗ್ ಫಸ್ಟ್’ ಪದ್ಧತಿಯನ್ನು ಕೆನಡಾ 2009ರಿಂದ ಐದು ನಗರಗಳಲ್ಲಿ, 2,000ಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗ ಮಾಡಿ ನೋಡಿತು. ಮಾಮೂಲಿ ನೆರವು ಪಡೆದವರಿಗಿಂತ, ಈ ಪದ್ಧತಿಯಲ್ಲಿ ಮೊದಲೇ ಮನೆ ಪಡೆದವರು ಮನೆಯಲ್ಲಿ ಹೆಚ್ಚು ಕಾಲ ನೆಲೆ ನಿಂತರು. ಆದರೆ ಇದು ಹುಟ್ಟಿದ್ದು ವಯಸ್ಕರಿಗಾಗಿ. ನಲವತ್ತರ ಮನುಷ್ಯ ಒಮ್ಮೆಯಾದರೂ ಮನೆ ನಡೆಸಿ, ಕಳೆದುಕೊಂಡು, ಮತ್ತೆ ಮನೆಗೆ ಬರುತ್ತಾನೆ. ಹದಿನೈದಕ್ಕೇ ಮನೆ ಬಿಟ್ಟ ಹುಡುಗಿ ಹತ್ತೊಂಬತ್ತಕ್ಕೆ ಬಾಡಿಗೆ ಕರಾರಿಗೆ ಸಹಿ ಹಾಕುವಾಗ, ಕೆಟ್ಟುಹೋದ ನಲ್ಲಿಯ ಬಗ್ಗೆ ಯಾರಿಗೆ ಹೇಳಬೇಕು ಎನ್ನುವುದೂ ಅವಳಿಗೆ ಹೊಸದು.

ಕೀಲಿಗೆ ಮೊದಲು: ಕಾಗದಪತ್ರ

ಕೋಣೆ ಹುಡುಕುವುದಕ್ಕೆ ಎರಡು ತಿಂಗಳು ಮೊದಲೇ ಇದನ್ನು ಶುರು ಮಾಡಿ. ಜನನ ಪ್ರಮಾಣಪತ್ರ, ಅದರ ಮೇಲೆ ಗುರುತಿನ ಚೀಟಿ, ಅದರ ಮೇಲೆ ಬ್ಯಾಂಕ್ ಖಾತೆ, ಕೊನೆಗೆ ಬಾಡಿಗೆ ಕರಾರು. ಮೊದಲನೆಯದು ತಡವಾದರೆ ಉಳಿದದ್ದೆಲ್ಲ ನಿಲ್ಲುತ್ತದೆ. ವಿಳಾಸವಿಲ್ಲದೆ ಚೀಟಿ ಇಲ್ಲ, ಚೀಟಿ ಇಲ್ಲದೆ ವಿಳಾಸವಿಲ್ಲ ಎನ್ನುವ ಗಂಟನ್ನು ಎಷ್ಟೋ ಕಡೆ ಆಶ್ರಯತಾಣದ ಪತ್ರವೇ ಬಿಡಿಸುತ್ತದೆ, ಕೇಳಿ ಪಡೆಯಿರಿ. ಮೂಲ ಪ್ರತಿಗಳನ್ನು ನೀರು ಹೋಗದ ಚೀಲದಲ್ಲಿಡಿ. ಒಂದು ನಕಲು ಆ ಹುಡುಗ ಅಥವಾ ಹುಡುಗಿಯ ಒಪ್ಪಿಗೆ ಪಡೆದು ನಿಮ್ಮ ಬಳಿ ಇರಲಿ.

ಹೆಚ್ಚಿನವರು ಮರೆಯುವುದು ಫೋನನ್ನು. ಬ್ಯಾಂಕು, ಕೆಲಸ, ಒಟಿಪಿ ಎಲ್ಲವೂ ಒಂದೇ ನಂಬರಿಗೆ ಕಟ್ಟಿಕೊಂಡಿರುತ್ತವೆ. ಫೋನ್ ಕಳುವಾಯಿತೋ, ಕೈ ಬರಿದಾದಾಗ ಮಾರಿಬಿಟ್ಟರೋ, ಸ್ವಂತ ದುಡ್ಡೇ ಕೈಗೆ ಸಿಗದು. ಎರಡನೆಯ ದಾರಿಯಾಗಿ ಒಂದು ಇಮೇಲ್ ಜೋಡಿಸಿ, ಮುಖ್ಯವಾದ ನಂಬರುಗಳನ್ನು ಕಾಗದದ ಮೇಲೂ ಬರೆಸಿಡಿ.

ಕೋಣೆ ಆರಿಸುವುದು

ಕನಿಷ್ಠ ಎರಡು ಕೋಣೆ ತೋರಿಸಿ, ಆಯ್ಕೆ ಅವರೇ ಮಾಡಲಿ. ಹಗಲು ನೋಡಿದ ಜಾಗವನ್ನು ರಾತ್ರಿಯೂ ನೋಡಿ, ಬಸ್ ನಿಲ್ದಾಣದಿಂದ ಬಾಗಿಲವರೆಗೆ ನಡೆದು ನೋಡಿ. ಹಳೆಯ ಅಡ್ಡೆಯ ಪಕ್ಕದಲ್ಲೇ ಬೇಡ. ಊರಾಚೆಯೂ ಬೇಡ, ಮಾತಿಗೆ ಯಾರೂ ಸಿಗದ ಕೋಣೆಯಲ್ಲಿ ಹುಡುಗರು ನಿಲ್ಲುವುದಿಲ್ಲ. ಒಳಗೆ ಕಾಲಿಡುವ ದಿನವೇ ಮೀಟರ್ ರೀಡಿಂಗ್, ಗೋಡೆಯ ಬಿರುಕು, ಬಚ್ಚಲಿನ ಸೋರಿಕೆ ಎಲ್ಲದರ ಫೋಟೋ ದಿನಾಂಕದ ಸಮೇತ ತೆಗೆದು ಮಾಲೀಕರಿಗೂ ಕಳಿಸಿ. ಮುಂಗಡ ವಾಪಸ್ ಕೇಳುವಾಗ ಇದೇ ಸಾಕ್ಷಿ. ಹಳೆಯ ಕೀಲಿ ಇನ್ನು ಯಾರ್‍ಯಾರ ಹತ್ತಿರ ಇದೆ ಎಂದು ವಿಚಾರಿಸಿ, ಸಾಧ್ಯವಾದರೆ ಬೀಗ ಬದಲಿಸಿ.

ಮೊದಲ ರಾತ್ರಿ

ಹಾಸಿಗೆ, ಹೊದಿಕೆ, ಉರಿಯುವ ಬಲ್ಬು, ಕಿಟಕಿಗೆ ಪರದೆ, ಒಂದು ಪಾತ್ರೆ, ತಟ್ಟೆ, ಲೋಟ, ಸೋಪು, ಟವೆಲ್, ಚಾರ್ಜರ್, ಮೂರು ದಿನದ ಊಟದ ಸಾಮಾನು. ಇಷ್ಟು ಕತ್ತಲಾಗುವ ಮೊದಲೇ ಕೋಣೆಯಲ್ಲಿರಬೇಕು. ಪರದೆಯನ್ನು ಬಿಡಬೇಡಿ. ವರ್ಷಗಟ್ಟಲೆ ಎಲ್ಲರ ಕಣ್ಣೆದುರು ಮಲಗಿದವರಿಗೆ ಬಾಗಿಲಿನಷ್ಟೇ ಅದೂ ಮುಖ್ಯ.

ಮರುದಿನ ಹೋದರೆ ಹಾಸಿಗೆ ಮಡಿಸಿದ್ದು ಮಡಿಸಿದ ಹಾಗೇ ಇರಬಹುದು. ಹುಡುಗ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಮಲಗಿರುತ್ತಾನೆ, ಕಾಲಲ್ಲಿ ಶೂ, ತಲೆಯ ಕೆಳಗೆ ಕಟ್ಟಿಟ್ಟ ಬ್ಯಾಗು, ಹಗಲಲ್ಲೂ ಉರಿಯುತ್ತಿರುವ ದೀಪ. ತಿದ್ದಲು ಹೋಗಬೇಡಿ. ಸದ್ದಿನಲ್ಲಿ ಮಲಗಿ ರೂಢಿಯಾದವರಿಗೆ ನಿಶ್ಶಬ್ದವೇ ದಿಗಿಲು. ರೇಡಿಯೋ ಸಣ್ಣಗೆ ಹಾಕಿಟ್ಟರೆ ನಿದ್ದೆ ಬರುತ್ತದೆ. ಮೊದಲ ವಾರ ದಿನಾ ರಾತ್ರಿ ಗೊತ್ತಾದ ಹೊತ್ತಿಗೆ ಒಂದು ಫೋನ್ ಮಾಡಿ, ಐದು ನಿಮಿಷ ಸಾಕು. ಹೊತ್ತು ತಪ್ಪಿಸಬೇಡಿ.

ದುಡ್ಡು

ಬಾಡಿಗೆಯನ್ನು ಸಂಬಳ ಬಂದ ಮರುದಿನವೇ ತಾನಾಗಿ ಹೋಗುವಂತೆ ಬ್ಯಾಂಕಿನಲ್ಲಿ ಗೊತ್ತು ಮಾಡಿ. ಬಾಡಿಗೆಯ ದಿನಾಂಕ ಸಂಬಳಕ್ಕೆ ಮೊದಲು ಬರುತ್ತಿದ್ದರೆ, ಕರಾರಿಗೆ ಸಹಿ ಹಾಕುವಾಗಲೇ ಮಾಲೀಕರ ಹತ್ತಿರ ಮಾತಾಡಿ ಬದಲಿಸಿ. ಉಳಿದ ಹಣವನ್ನು ನಾಲ್ಕು ವಾರಕ್ಕೆ ನಾಲ್ಕು ಪಾಲು ಮಾಡುವುದು ಎಲ್ಲರೂ ಮಾಡುವ ತಪ್ಪು. ನಾಲ್ಕು ವಾರಕ್ಕೆ 28 ದಿನ, ಫೆಬ್ರುವರಿ ಬಿಟ್ಟರೆ ತಿಂಗಳಿಗೆ 30 ಅಥವಾ 31. ಆ ಕೊನೆಯ ಎರಡು ಮೂರು ದಿನದಲ್ಲೇ ಸಾಲ ಹುಟ್ಟುವುದು. ಐದು ಪಾಲು ಮಾಡಿಸಿ. ಐದನೆಯದು ಆ ದಿನಗಳಿಗೆ ಮತ್ತು ಹರಿದ ಚಪ್ಪಲಿಗೆ.

ಸರ್ಕಾರದ್ದೋ ಬ್ಯಾಂಕಿನದ್ದೋ ಪತ್ರ ಬಂದರೆ ತೆರೆಯದೆ ಮೂಲೆಗೆ ಸರಿಸುವುದು ಸೋಮಾರಿತನವಲ್ಲ, ಹೆದರಿಕೆ. ವಾರಕ್ಕೊಮ್ಮೆ ಒಟ್ಟಿಗೆ ಕೂತು ಎಲ್ಲವನ್ನೂ ಒಡೆದು ಓದಿ. ಒಂದು ಕಂತು ತಪ್ಪಿದರೆ ಎರಡು ದಿನದೊಳಗೆ ಮಾಲೀಕರ ಎದುರು ಹೋಗಿ, ‘ಇಷ್ಟು ಇವತ್ತು, ಇಷ್ಟು ಮುಂದಿನ ವಾರ’ ಎಂದು ಬರೆದು ಕೊಡಿ. ಬಾಕಿಗಿಂತ ಹೆಚ್ಚಾಗಿ ಮಾಲೀಕರನ್ನು ಸಿಟ್ಟಿಗೇಳಿಸುವುದು ಮುಖ ತಪ್ಪಿಸಿಕೊಂಡು ಓಡಾಡುವುದು.

ಬಾಗಿಲು ತಟ್ಟುವ ಗೆಳೆಯರು

ಬಾಡಿಗೆ ಸರಿಯಾಗಿ ಕಟ್ಟುತ್ತಿದ್ದವರೂ ಎಡವುವ ಜಾಗ ಇದು. ಚಳಿಯಲ್ಲಿ ಒಂದೇ ಹೊದಿಕೆ ಹಂಚಿಕೊಂಡವನು ಮಧ್ಯರಾತ್ರಿ ಬಂದು ಬಾಗಿಲು ತಟ್ಟಿದರೆ ಬೇಡ ಎನ್ನುವುದು ಹೇಗೆ? ಒಬ್ಬ ಮೂವರಾಗುತ್ತಾರೆ, ಗಲಾಟೆಯಾಗುತ್ತದೆ, ಅಕ್ಕಪಕ್ಕದವರು ದೂರುತ್ತಾರೆ, ಕರಾರು ಮುರಿಯುತ್ತದೆ. ‘ಯಾರನ್ನೂ ಸೇರಿಸಬೇಡ’ ಎಂದು ಅಪ್ಪಣೆ ಮಾಡಿದರೆ ಅವರು ನಿಮ್ಮಿಂದ ಮುಚ್ಚಿಡುತ್ತಾರೆ, ಅಷ್ಟೇ. ಕೆಟ್ಟ ಹೆಸರು ನೀವು ಹೊತ್ತುಕೊಳ್ಳಿ. ‘ನಾಳೆ ಬೆಳಿಗ್ಗೆನೇ ಅವರು ಬರ್ತಾರೆ ಕಣೋ, ನೋಡಿದ್ರೆ ನನ್ನೂ ಹೊರಗೆ ಹಾಕ್ತಾರೆ. ನಾಳೆ ಹೊರಗಡೆ ಸಿಗೋಣ’ ಎಂಬ ಮಾತನ್ನು ಎದುರುಬದುರು ಕೂತು, ನೀವೇ ಗೆಳೆಯನ ಪಾತ್ರ ಮಾಡಿ, ನಾಲ್ಕಾರು ಸಲ ಆಡಿಸಿ. ನಗು ಬರುತ್ತದೆ, ಬರಲಿ. ಬಾಯಿಗೆ ಬಂದ ಮಾತು ಆ ರಾತ್ರಿ ನೆನಪಿಗೂ ಬರುತ್ತದೆ. ಬಂದವನಿಗೆ ಹತ್ತಿರದ ಆಶ್ರಯತಾಣದ ನಂಬರ್ ಕೊಡಲು ಒಂದು ಚೀಟಿ ಬಾಗಿಲ ಹಿಂದೆ ಅಂಟಿಸಿಡಿ.

ಕೈ ಬಿಡುವುದು ಹೇಗೆ

ನ್ಯೂಯಾರ್ಕ್‌ನಲ್ಲೇ ಹುಟ್ಟಿದ ‘ಕ್ರಿಟಿಕಲ್ ಟೈಮ್ ಇಂಟರ್ವೆನ್ಷನ್’ ಎಂಬ, ಹೊಸ ನೆಲೆಗೆ ಬಂದವರಿಗೆ ಗೊತ್ತಾದ ಅವಧಿಯವರೆಗೆ ಮಾತ್ರ ಜೊತೆ ನಿಲ್ಲುವ ಪದ್ಧತಿಯಲ್ಲಿ ಒಂಬತ್ತು ತಿಂಗಳಿಗೆ ಮೂರು ಘಟ್ಟ, ಒಂದೊಂದೂ ಮೂರು ತಿಂಗಳು. ಮೊದಲನೆಯದರಲ್ಲಿ ಪದೇ ಪದೇ ಭೇಟಿ, ಎಲ್ಲದಕ್ಕೂ ಜೊತೆ. ಎರಡನೆಯದರಲ್ಲಿ ಅವರೇ ಹೋಗುತ್ತಾರೆ, ನೀವು ಎಲ್ಲಿ ಸಿಕ್ಕಿಕೊಂಡಿತು ಎಂದಷ್ಟೇ ನೋಡುತ್ತೀರಿ. ಮೂರನೆಯದು ಕೈ ಸಡಿಲಿಸುವುದಕ್ಕೆ. ಅಷ್ಟರೊಳಗೆ ಗೋಡೆಯ ಮೇಲೆ ಮೂರು ಹೆಸರು ಬರೆದಿರಬೇಕು: ದುಡ್ಡಿನ ತೊಂದರೆಗೆ ಯಾರು, ಕಾಯಿಲೆಗೆ ಯಾರು, ಸುಮ್ಮನೆ ಹರಟೆಗೆ ಯಾರು. ಕೊನೆಯ ಹೆಸರು ಸಂಬಳಕ್ಕೆ ಬರುವವರದ್ದಾಗಿರಬಾರದು. ಮಾತು ಬಿಟ್ಟ ಅಕ್ಕನೋ ಅಜ್ಜಿಯೋ ಇದ್ದರೆ, ಹುಡುಗರಿಗೆ ಮನಸ್ಸಿದ್ದರೆ ಮತ್ತು ಅಲ್ಲಿ ಅಪಾಯ ಇಲ್ಲದಿದ್ದರೆ, ಒಂದು ಫೋನ್ ಕರೆಯಿಂದ ಮತ್ತೆ ಶುರು ಮಾಡಿಸಬಹುದು.

ಇಷ್ಟಾಗಿಯೂ ಕೋಣೆ ಹೋಗಬಹುದು. ಹೋದರೆ ಎಲ್ಲಿ ಎಡವಿತು ಎಂದು ಒಟ್ಟಿಗೆ ಬರೆದುಕೊಂಡು ಎರಡನೆಯದನ್ನು ಹುಡುಕಿ, ಮತ್ತೆ ಸರದಿಯ ಕೊನೆಗೆ ತಳ್ಳಬೇಡಿ.

ಕಡೆಯ ಭೇಟಿ ಯಾವತ್ತು ಎಂದು ಒಂದು ತಿಂಗಳು ಮೊದಲೇ ಹೇಳಿ. ಹೇಳದೆ ಕಾಣೆಯಾದವರನ್ನು ಅವರು ಆಗಲೇ ಸಾಕಷ್ಟು ಕಂಡಿದ್ದಾರೆ. ಕೋಣೆಯ ಇನ್ನೊಂದು ಕೀಲಿ ನಿಮ್ಮ ಬಳಿ ಇದ್ದರೆ ಅವತ್ತು ಅದನ್ನು ಅವರ ಕೈಗೇ ಕೊಟ್ಟು ಬನ್ನಿ.