ರಾಯಚೂರಿಗೆ ಹೊಸಬರೇ? ಕುಡಿತದ ಕಾರಣಕ್ಕೆ ಮಕ್ಕಳ ಕಲ್ಯಾಣ ಸಮಿತಿಯಿಂದ ಕರೆ ಬಂದರೆ

ಶಕ್ತಿನಗರದ ವಿದ್ಯುತ್ ಸ್ಥಾವರಕ್ಕೆ, ಹಟ್ಟಿಯ ಚಿನ್ನದ ಗಣಿಗೆ, ಸಿಂಧನೂರಿನ ಅಕ್ಕಿ ಗಿರಣಿಗಳಿಗೆ ಕೆಲಸಕ್ಕೆಂದು ಬರುವವರು ನಮ್ಮ ಸಂಘದವರನ್ನು ಬಾಡಿಗೆ ಮನೆ, ಪಡಿತರ ಚೀಟಿ, ಶಾಲೆ ಎಲ್ಲದರ ಬಗ್ಗೆಯೂ ಕೇಳುತ್ತಾರೆ. ಕುಡಿತದ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಮಗು ಶಾಲೆ ತಪ್ಪಿಸಿ, ರಾತ್ರಿ ಒಂಟಿಯಾಗಿದ್ದು, ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಕ್ಕಳ ರಕ್ಷಣಾ ಘಟಕದವರು ಬಾಗಿಲಿಗೆ ಬಂದ ಮೇಲೆ ಓಡಿಬರುತ್ತಾರೆ.

ಗಂಟುಮೂಟೆ ಕಟ್ಟಿಕೊಂಡು ಬೇರೆ ಊರಿಗೆ ಹೋಗಬೇಡಿ. 2015ರ ಬಾಲನ್ಯಾಯ ಕಾಯ್ದೆಯಂತೆ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುವ ಮಕ್ಕಳ ಕಲ್ಯಾಣ ಸಮಿತಿ ಇದನ್ನು ನೋಡುತ್ತದೆ. ಮಗುವನ್ನು ಸಂಸ್ಥೆಯಲ್ಲಿ ಇಡುವುದು ಕೊನೆಯ ದಾರಿಯಾಗಬೇಕು ಎಂದು ಆ ಕಾಯ್ದೆಯೇ ಹೇಳುತ್ತದೆ. ಮಗುವಿನ ಮನೆಯ ಪರಿಸ್ಥಿತಿ ವಿಚಾರಿಸುವ ಸಾಮಾಜಿಕ ತನಿಖೆಯನ್ನು 15 ದಿನಗಳಲ್ಲಿ ಮುಗಿಸಬೇಕು. ಆ ದಿನಗಳಲ್ಲಿ ನೀವು ಏನು ಮಾಡುತ್ತೀರಿ ಎಂಬುದಕ್ಕೆ ಬೆಲೆಯಿದೆ.

ತನಿಖೆಗೆ ಬಂದವರು ‘ಕುಡಿಯುತ್ತೀರಾ?’ ಎಂದರೆ ‘ಹಬ್ಬಕ್ಕೆ ಮಾತ್ರ’ ಎನ್ನುವವರೇ ಹೆಚ್ಚು. ಅಕ್ಕಪಕ್ಕದವರು ಅಷ್ಟರಲ್ಲಿ ನಿಜ ಹೇಳಿರುತ್ತಾರೆ. ದೇವರ ಪಟ ಮುಟ್ಟಿ ಮಾಡುವ ಆಣೆಗಿಂತ ರಾಯಚೂರಿನ ಸರ್ಕಾರಿ ವೈದ್ಯಕೀಯ ಕಾಲೇಜಾದ ರಿಮ್ಸ್ ಆಸ್ಪತ್ರೆಯ ಮನೋವೈದ್ಯ ವಿಭಾಗದ ಹೊರರೋಗಿ ಚೀಟಿ ಹೆಚ್ಚು ತೂಗುತ್ತದೆ ಎಂಬುದು ನಮ್ಮ ಅಭಿಪ್ರಾಯ. ಹುಚ್ಚರ ಡಾಕ್ಟರ್ ಎಂದು ಹಿಂಜರಿಯಬೇಡಿ. ಇಂಥ ಚಿಕಿತ್ಸೆ ನಮ್ಮ ಕಡೆಗೆ ಹೊಸದಲ್ಲ: ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1985ರಲ್ಲಿ ಪಕ್ಕದ ಬಳ್ಳಾರಿಯಲ್ಲಿ ಆರಂಭಿಸಿದ ಪ್ರಯೋಗವೇ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೆಯಿಂದಲೇ ಮಾತನಾಡಬೇಕಾದರೆ ವ್ಯಸನಮುಕ್ತಿಗೆ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇವೆ. ಎರಡೂ ಉಚಿತ.

ಹೆದರಿಕೆಯಿಂದ ಕೆಲವರು ರಾತ್ರೋರಾತ್ರಿ ಕುಡಿತ ನಿಲ್ಲಿಸುತ್ತಾರೆ. ದಿನವೂ ಹೆಚ್ಚು ಕುಡಿಯುವವರಿಗೆ ಇದು ಅಪಾಯ. ಕೈನಡುಕ, ಬೆವರಿನಿಂದ ಶುರುವಾಗಿ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಬಹುದು, ಜೀವವೂ ಹೋಗಬಹುದು. ನಮ್ಮ ಜಿಲ್ಲೆಯಲ್ಲಿ ಸಿ.ಎಚ್. ಪೌಡರ್ ಬೆರೆಸಿದ ಕಲಬೆರಕೆ ಸೇಂದಿಯ ಕಾಟ ಬೇರೆ. ಆ ಪುಡಿ ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ತರಿಸುವ ರಾಸಾಯನಿಕ. ಅದನ್ನು ಏಕಾಏಕಿ ಬಿಟ್ಟವರಿಗೂ ಇದೇ ಗತಿ. ಎಷ್ಟು ಕುಡಿಯುತ್ತೀರಿ ಎಂಬುದರ ಜೊತೆಗೆ ಯಾವುದನ್ನು ಕುಡಿಯುತ್ತೀರಿ ಎಂಬುದನ್ನೂ ವೈದ್ಯರಿಗೆ ಮುಚ್ಚಿಡದೆ ಹೇಳಿ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ‘ಕುಡಿತ ಬಿಡಿಸುವ ಪುಡಿ’ ಹಾಕುವ ಅಕ್ಕಂದಿರೇ, ದಯವಿಟ್ಟು ನಿಲ್ಲಿಸಿ. ಅದರಲ್ಲಿ ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇದ್ದು, ಅವರು ಅದರ ಮೇಲೆ ಕುಡಿದರೆ ಪ್ರಾಣಕ್ಕೇ ಸಂಚಕಾರ.

ಸಮಸ್ಯೆ ಇನ್ನೂ ಇಷ್ಟು ಬೆಳೆದಿಲ್ಲವೆಂದರೆ ಬಟವಾಡೆಯ ದಿನದ ಮೇಲೆ ಕಣ್ಣಿಡಿ. ಕೂಲಿ ಕೈಗೆ ಬಂದ ಸಂಜೆಯೇ ಬಾಡಿಗೆ ಮತ್ತು ರೇಷನ್ನಿನ ಹಣವನ್ನು ಕುಡಿಯದವರ ಕೈಗೆ ಕೊಡಿ. ಆ ರಾತ್ರಿ ಮಗು ಯಾರ ಬಳಿ ಮಲಗುತ್ತದೆ ಎಂದು ಬೆಳಿಗ್ಗೆಯೇ ಗೊತ್ತುಮಾಡಿ. ಬಾಟಲಿ ತರಲು ಮಗುವನ್ನು ಕಳುಹಿಸಲೇಬೇಡಿ. ಮದ್ಯ ಸಾಗಿಸಲು ಮಗುವನ್ನು ಬಳಸುವುದು, ಮಗುವಿಗೆ ಮದ್ಯ ಕೊಡುವುದು, ಎರಡಕ್ಕೂ 7 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡವಿದೆ. ಕೂಸು ಸುಮ್ಮನೆ ಮಲಗಲಿ ಎಂದು ಒಂದು ಚಮಚ ಸೇಂದಿ ಕುಡಿಸುವುದೂ ಇದರಲ್ಲೇ ಬರುತ್ತದೆ.

ಕುಡಿಯುವ ತಾಯಂದಿರೂ ಇದ್ದಾರೆ. ತಂದೆಗೆ ಸಿಗುವ ಕನಿಕರದ ಕಾಲುಭಾಗವೂ ಅವರಿಗೆ ಸಿಗುವುದಿಲ್ಲ. ಆದ್ದರಿಂದ ಅವರು ಆಸ್ಪತ್ರೆಗೆ ಹೋಗುವುದು ತಡವಾಗುತ್ತದೆ. ಅವರೊಡನೆ ಹೋಗಲು ಸಂಘದ ಹೆಂಗಸರು ಸಿದ್ಧರಿದ್ದಾರೆ. ಮನೆಯಲ್ಲಿ ಹೊಡೆತವಿದ್ದರೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಸಮಿತಿಯ ನೋಟಿಸು ಅರ್ಥವಾಗದಿದ್ದರೆ ಸಂಘಕ್ಕೆ ತನ್ನಿ, ಓದಿ ಹೇಳುತ್ತೇವೆ. ವಕೀಲರು ಬೇಕಾದರೆ ಕಾನೂನು ಸೇವಾ ಪ್ರಾಧಿಕಾರದ 15100 ಇದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ನೆರವು ಉಚಿತ. ಬಿಟ್ಟ ಕುಡಿತ ಮತ್ತೆ ಅಂಟಿಕೊಂಡರೆ ಘಟಕದವರಿಗೆ ನೀವೇ ಮೊದಲು ತಿಳಿಸಿ, ಮಗುವನ್ನು ಅಜ್ಜಿಯ ಅಥವಾ ಅತ್ತೆಯ ಮನೆಯಲ್ಲಿ ಬಿಟ್ಟಿದ್ದರೆ ಅದನ್ನೂ ಹೇಳಿ, ಆಸ್ಪತ್ರೆಯ ಹೊಸ ಚೀಟಿಯನ್ನು ಮುಂದಿನ ವಿಚಾರಣೆಗೆ ತೆಗೆದುಕೊಂಡು ಹೋಗಿ.