ಎನ್‌ಎಚ್‌ಎಸ್‌ ಕಾಗದ ಬಂದರೆ ಪಕ್ಕಕ್ಕೆ ಇಡಬೇಡಿ

ಇಂಗ್ಲೆಂಡಿನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಬೈಗುಳ ತಪ್ಪಿದ್ದಲ್ಲ. ಡಾಕ್ಟರು ಸಿಗುವುದಿಲ್ಲ, ಸಿಕ್ಕರೂ ಪ್ಯಾರಾಸಿಟಮಾಲ್ ತಗೊಳ್ಳಿ ಅಂತಾರೆ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಈ ವ್ಯವಸ್ಥೆ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡೂ ಬರುತ್ತದೆ: ಅಂಚೆಯಲ್ಲಿ, ಮೆಸೇಜಿನಲ್ಲಿ, ಆ್ಯಪಿನಲ್ಲಿ. ಬಂದಾಗ ತುಂಬಾ ಮೆತ್ತಗೆ ಮಾತಾಡುತ್ತದೆ. ಸ್ಕ್ರೀನಿಂಗ್‌ಗೆ ಬನ್ನಿ ಎಂದು ಕರೆಯುವ ಕಾಗದ ಮದುವೆ ಕರೆಯೋಲೆಯಷ್ಟು ವಿನಯವಾಗಿರುತ್ತದೆ. ನೀವು ಉತ್ತರ ಕೊಡದಿದ್ದರೆ ಒಂದೆರಡು ಸಲ ನೆನಪಿಸಿ ಸುಮ್ಮನಾಗುತ್ತದೆ.

ಹಾಗಾಗಿ ಮೊದಲು ಜಿಪಿ ಸರ್ಜರಿಯಲ್ಲಿ, ಅಂದರೆ ಮನೆ ಹತ್ತಿರದ ಡಾಕ್ಟರ ಕ್ಲಿನಿಕ್ಕಿನಲ್ಲಿ, ಹೆಸರು ಬರೆಸಿ. ಕಾಯಿಲೆ ಬಂದಾಗ ನೋಡೋಣ ಎನ್ನುವವರೇ ಜಾಸ್ತಿ, ಆದರೆ ಕಾಗದಗಳೆಲ್ಲ ಹೊರಡುವುದು ಆ ದಾಖಲೆಯಿಂದ. ನೋಂದಣಿಗೆ ದುಡ್ಡಿಲ್ಲ. ವಿಳಾಸದ ಪುರಾವೆ, ವೀಸಾ ಕಾಗದ ಇಲ್ಲ ಎಂಬ ಕಾರಣಕ್ಕೆ ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ಕೌಂಟರಿನಲ್ಲಿ ಯಾರಾದರೂ ಕೇಳಿದರೆ, ಇದು ಕಡ್ಡಾಯವಲ್ಲ ಅಲ್ಲವೇ ಎಂದು ನಗುತ್ತಲೇ ಕೇಳಿ. ಸಂಕೋಚ ಬೇಡ. ಈ ಸೇವೆ ಬಳಸಲೆಂದೇ ನೀವು ವೀಸಾ ಜೊತೆ ಕಟ್ಟಿದ ಹೆಲ್ತ್ ಸರ್‌ಚಾರ್ಜ್ 2024ರ ಫೆಬ್ರವರಿಯಿಂದ ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಿಗೂ 18 ತುಂಬದವರಿಗೂ 776. ಬಾಡಿಗೆ ಮನೆ ಬದಲಿಸಿದಾಗ ಬ್ಯಾಂಕಿಗೆ ಹೇಳುತ್ತೀರಲ್ಲ, ಜಿಪಿಗೂ ಹೇಳಿ. ಹಳೆ ಮನೆಗೆ ಹೋದ ಆಸ್ಪತ್ರೆ ಕಾಗದವನ್ನು ಹೊಸ ಬಾಡಿಗೆದಾರ ತಂದುಕೊಡುವುದಿಲ್ಲ.

ಇನ್ನು ಬರುವ ಕಾಗದಗಳು. ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡಿನ ಲೆಕ್ಕ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಸ್ವಲ್ಪ ಬೇರೆ ಇರುತ್ತದೆ. 25ರಿಂದ 64ರ ಮಹಿಳೆಯರಿಗೆ ಗರ್ಭಕಂಠದ ಪರೀಕ್ಷೆ, 50ರಿಂದ 71ರವರೆಗೆ ಮೂರು ವರ್ಷಕ್ಕೊಮ್ಮೆ ಸ್ತನ ಕ್ಯಾನ್ಸರ್ ನೋಡುವ ಮ್ಯಾಮೊಗ್ರಾಮ್, 65ಕ್ಕೆ ಕಾಲಿಟ್ಟ ಗಂಡಸರಿಗೆ ಹೊಟ್ಟೆಯ ಮಹಾಅಪಧಮನಿ ಉಬ್ಬಿದೆಯೇ ಎಂದು ನೋಡುವ ಸ್ಕ್ಯಾನ್. 50ರಿಂದ 74ರವರಿಗೆ ಎರಡು ವರ್ಷಕ್ಕೊಮ್ಮೆ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್ಟು ಮನೆಗೇ ಬರುತ್ತದೆ. ನಮ್ಮವರು ನಾಚಿಕೆಪಟ್ಟು ಕಪಾಟಿನ ಮೇಲೆ ಇಟ್ಟು ಮರೆಯುವುದು ಇದನ್ನೇ. ಅಂಚೆಯಲ್ಲಿ ಅದನ್ನು ಕಳಿಸುವುದೇ, ಛೆ! ಇರುವುದು ಇಷ್ಟೇ: ಕಡ್ಡಿಯ ತುದಿಯ ಗೀರುಗಳಿಗೆ ಮಲ ಮೆತ್ತುವಷ್ಟು ತಾಗಿಸಿ, ಪುಟ್ಟ ಬಾಟಲಿಗೆ ಹಾಕಿ ಮುಚ್ಚಿ, ಮೇಲೆ ತಾರೀಕು ಬರೆದು, ಅವರೇ ಕೊಟ್ಟ ಲಕೋಟೆಯಲ್ಲಿ ಹಾಕಿ ಪೋಸ್ಟ್ ಮಾಡಿ. ಸ್ಟಾಂಪು ಬೇಡ. ಬರಿಗಣ್ಣಿಗೆ ಕಾಣದ ರಕ್ತವನ್ನು ಅದು ಹಿಡಿಯುತ್ತದೆ.

ವರ್ಷಕ್ಕೊಮ್ಮೆ ಫುಲ್ ಬಾಡಿ ಚೆಕಪ್ ಮಾಡಿಸಿಕೊಳ್ಳುವ ಅಭ್ಯಾಸ ಇದ್ದವರಿಗೆ ಇಲ್ಲಿ ಅದರಂಥದ್ದು ಸಿಗುವುದಿಲ್ಲ. 40ರಿಂದ 74ರವರಿಗೆ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಮೊದಲೇ ಇಲ್ಲದಿದ್ದರೆ, ಐದು ವರ್ಷಕ್ಕೊಮ್ಮೆ ಎನ್‌ಎಚ್‌ಎಸ್‌ ಹೆಲ್ತ್ ಚೆಕ್ ಉಂಟು. ಕರೆ ಬಾರದಿದ್ದರೆ ಕೇಳಿ ಪಡೆಯಿರಿ. ದಕ್ಷಿಣ ಏಷ್ಯಾದವರಿಗೆ ಅಧಿಕ ತೂಕದ ಗೆರೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ಅಲ್ಲ, 23. ಸಣ್ಣಗೆ ಕಾಣುವ ನಮ್ಮಲ್ಲೂ ಮಧುಮೇಹ ಬೇಗ ಬರುವುದರಿಂದ ಈ ಲೆಕ್ಕ.

ಮಗು ಹುಟ್ಟಿದ ಮನೆಯವರು ಒಂದು ವಿಷಯ ಗಮನಿಸಬೇಕು. ಕ್ಷಯದ ಬಿಸಿಜಿ ಲಸಿಕೆ ಈ ದೇಶದಲ್ಲಿ ಎಲ್ಲ ಮಕ್ಕಳಿಗೂ ಇಲ್ಲ. ಅಪ್ಪ, ಅಮ್ಮ, ಅಜ್ಜ, ಅಜ್ಜಿಯರಲ್ಲಿ ಒಬ್ಬರು ಕ್ಷಯ ಹೆಚ್ಚಿರುವ ದೇಶದಲ್ಲಿ ಹುಟ್ಟಿದವರಾದರೆ ಕೊಡುತ್ತಾರೆ. ಭಾರತ ಆ ಪಟ್ಟಿಯಲ್ಲಿದೆ, ಅಂದರೆ ನಿಮ್ಮ ಮಗುವಿಗೆ ಹಕ್ಕಿದೆ. ಸಾಮಾನ್ಯವಾಗಿ 28 ದಿನ ತುಂಬಿದ ಮೇಲೆ ಕರೆ ಬರಬೇಕು. ಬರದಿದ್ದರೆ ಮಿಡ್‌ವೈಫ್‌ಗೋ ಹೆಲ್ತ್ ವಿಸಿಟರ್‌ಗೋ ನೆನಪಿಸಿ.

ಶಾಲೆಗೆ ಹೋಗುವ ಮಕ್ಕಳಿಗೆ ಶರತ್ಕಾಲದಲ್ಲಿ ಫ್ಲೂ ಲಸಿಕೆಯ ಒಪ್ಪಿಗೆ ಪತ್ರ ಬರುತ್ತದೆ. ಮೂಗಿಗೆ ಸಿಂಪಡಿಸುವ ಆ ಲಸಿಕೆಯಲ್ಲಿ ಹಂದಿಯಿಂದ ತೆಗೆದ ಜೆಲಟಿನ್ ಇದೆ. ಇದನ್ನು ಮುಚ್ಚಿಟ್ಟಿಲ್ಲ, ಕರಪತ್ರದಲ್ಲೇ ಬರೆದಿರುತ್ತಾರೆ. ಆದರೂ ಎಷ್ಟೋ ಮನೆಯವರು ಅದನ್ನು ಓದಿ, ಬೇಡ ಎಂದು ಟಿಕ್ ಹಾಕಿ, ಅಲ್ಲಿಗೇ ಬಿಟ್ಟುಬಿಡುತ್ತಾರೆ. ಜೆಲಟಿನ್ ಇಲ್ಲದ ಇಂಜೆಕ್ಷನ್ ಕೂಡ ಇದೆ, ಕೇಳಿದರೆ ಕೊಡುತ್ತಾರೆ. ದಡಾರದ ಲಸಿಕೆಯಲ್ಲೂ ಜೆಲಟಿನ್ ಇರುವ ಬ್ರಾಂಡು, ಇಲ್ಲದ ಬ್ರಾಂಡು ಎರಡೂ ಉಂಟು. ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ಹೇಳಿದರೆ ತರಿಸಿಡುತ್ತಾರೆ.

ದಡಾರದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ದಡಾರ ತಡೆಯುವ ಎಂಎಂಆರ್ ಲಸಿಕೆಯಿಂದ ಆಟಿಸಂ ಬರುತ್ತದೆ ಎಂಬ ವಾಟ್ಸಾಪ್ ಸಂದೇಶ ನಮ್ಮ ಗುಂಪುಗಳಲ್ಲೂ ಆಗಾಗ ತಲೆ ಎತ್ತುತ್ತದೆ. ಅದರ ಮೂಲ 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬರೆದ ಲೇಖನ. ಪತ್ರಿಕೆ ಅದನ್ನು 2010ರಲ್ಲಿ ಹಿಂತೆಗೆದುಕೊಂಡಿತು, ಅದೇ ವರ್ಷ ವೇಕ್‌ಫೀಲ್ಡ್ ಹೆಸರು ವೈದ್ಯರ ಪಟ್ಟಿಯಿಂದಲೂ ಹೋಯಿತು. ಭಯ ಮಾತ್ರ ಉಳಿಯಿತು. ದಡಾರ ಹರಡದಿರಲು 100ರಲ್ಲಿ 95 ಮಕ್ಕಳಿಗೆ ಲಸಿಕೆ ಆಗಿರಬೇಕು. ಇಂಗ್ಲೆಂಡಿನಲ್ಲಿ ಐದು ತುಂಬುವುದರೊಳಗೆ ಎರಡೂ ಡೋಸ್ ಆದವರು ಸುಮಾರು 84. 2024ರಲ್ಲಿ ಇಲ್ಲಿ 2,900ಕ್ಕೂ ಹೆಚ್ಚು ದಡಾರದ ಪ್ರಕರಣಗಳು ದೃಢಪಟ್ಟವು. ಎಷ್ಟೋ ವರ್ಷಗಳಿಂದ ಕಾಣದ ಸಂಖ್ಯೆ ಅದು. ಊರಿನಲ್ಲಿ ಹಾಕಿಸಿದ ಲಸಿಕೆಗಳ ಕಾರ್ಡು ಇದ್ದರೆ ಜಿಪಿಗೆ ಒಂದು ಪ್ರತಿ ಕೊಡಿ. ದಾಖಲೆಯಲ್ಲಿ ಇಲ್ಲದ್ದು ಅವರ ಪಾಲಿಗೆ ಆಗಿಲ್ಲದ್ದೇ.

ಈಗ ಆ ಹಳೆಯ ಗೋಳು, ಡಾಕ್ಟರು ಸಿಗದ್ದು. ಬೆಳಿಗ್ಗೆ ಎಂಟಕ್ಕೆ ಫೋನ್ ಹಿಡಿದು ಕಾಯುವ ಕಷ್ಟ ಕೆಲವು ಕಡೆ ಇನ್ನೂ ಇದೆ. 2025ರ ಅಕ್ಟೋಬರ್ 1ರಿಂದ ಇಂಗ್ಲೆಂಡಿನ ಜಿಪಿಗಳು ಆನ್‌ಲೈನ್ ಫಾರಂ ಅನ್ನು ಕೆಲಸದ ದಿನ ಬೆಳಿಗ್ಗೆ 8ರಿಂದ ಸಂಜೆ 6.30ರವರೆಗೆ ತೆರೆದಿಡಬೇಕು. ತುರ್ತಲ್ಲದ ವಿಷಯಕ್ಕೆ ಅದನ್ನೇ ಬಳಸಿ. ಬರೆಯುವಾಗ ಮಾತ್ರ ದಾಕ್ಷಿಣ್ಯ ಬೇಡ. ‘ಸ್ವಲ್ಪ ಕೆಮ್ಮು, ಪರವಾಗಿಲ್ಲ’ ಎಂದು ಬರೆದರೆ ಅವರೂ ಪರವಾಗಿಲ್ಲ ಅಂದುಕೊಳ್ಳುತ್ತಾರೆ. ‘ನಾಲ್ಕು ವಾರದಿಂದ ಕೆಮ್ಮು, ರಾತ್ರಿ ನಿದ್ದೆ ಇಲ್ಲ, ತೂಕ ಇಳಿದಿದೆ, ತಂದೆಗೆ ಕ್ಷಯ ಇತ್ತು’ ಎಂದು ಬರೆದು ನೋಡಿ. ಎನ್‌ಎಚ್‌ಎಸ್‌ ಪ್ರಚಾರದಲ್ಲೇ ಮೂರು ವಾರ ದಾಟಿದ ಕೆಮ್ಮಿಗೆ ಡಾಕ್ಟರನ್ನು ಕಾಣಿ ಎಂದಿದೆ. ಎಂದಿನಿಂದ, ಏನು ಮಾಡಲಾಗುತ್ತಿಲ್ಲ, ಯಾವುದರ ಭಯ ಎಂದು ಬರೆದವರ ಫಾರಂ ಬೇಗ ಸಾಗುತ್ತದೆ.

ಗಂಟಲು ನೋವು, ಸೈನಸ್, ಮಕ್ಕಳ ಕಿವಿನೋವು, ಸರ್ಪಸುತ್ತು, ಕೀವಾದ ಹುಳದ ಕಡಿತ, ಇಂಪಿಟೈಗೊ ಎಂಬ ಚರ್ಮದ ಸೋಂಕು, 16ರಿಂದ 64ರ ಮಹಿಳೆಯರ ಮೂತ್ರದ ಸೋಂಕು: ಈ ಏಳಕ್ಕೆ ಜಿಪಿಯೇ ಬೇಡ. 2024ರ ಜನವರಿ ಕೊನೆಯಿಂದ ಫಾರ್ಮಸಿಯವರೇ ನೋಡಿ, ಬೇಕಿದ್ದರೆ ಆ್ಯಂಟಿಬಯೋಟಿಕ್ ಕೊಡುತ್ತಾರೆ. ಬೇಕಿದ್ದರೆ ಎಂಬುದು ಮುಖ್ಯ. ಹಟ ಮಾಡಿದರೆ ಸಿಗುವುದಿಲ್ಲ. ರಾತ್ರಿ ಹೊತ್ತು ಗೊಂದಲವಾದರೆ ಸಲಹೆಯ ಫೋನ್ ಸಂಖ್ಯೆ 111, ಪ್ರಾಣದ ಮಾತಾದರೆ ಆ್ಯಂಬುಲೆನ್ಸಿನ 999.

ಸ್ಪೆಷಲಿಸ್ಟ್‌ಗಾಗಿ ಕಾಯುವವರಿಗೆ: ಜಿಪಿ ಬರೆದುಕೊಟ್ಟ 18 ವಾರದೊಳಗೆ 100ರಲ್ಲಿ 92 ಜನಕ್ಕೆ ಚಿಕಿತ್ಸೆ ಶುರುವಾಗಬೇಕು ಎಂಬುದು ಗುರಿ. ಸುಮಾರು ಹತ್ತು ವರ್ಷದಿಂದ ಅದನ್ನು ಮುಟ್ಟಿಲ್ಲ. 2023ರ ಸೆಪ್ಟೆಂಬರಿನಲ್ಲಿ ಕಾಯುವವರ ಪಟ್ಟಿ 77 ಲಕ್ಷ ದಾಟಿತ್ತು. ಈ ಪಟ್ಟಿ ಕಿರಿದಾಗಿಸಲು ಆಸ್ಪತ್ರೆಗಳು ಮಧ್ಯೆ ಒಂದು ಮೆಸೇಜ್ ಕಳಿಸುತ್ತವೆ: ನಿಮಗೆ ಈ ಅಪಾಯಿಂಟ್‌ಮೆಂಟ್ ಇನ್ನೂ ಬೇಕೇ? ಉತ್ತರ ಕೊಡದವರ ಹೆಸರು ತೆಗೆಯುವ ಸಾಧ್ಯತೆ ಇದೆ. ರಜೆಗೆ ಊರಿಗೆ ಹೋದವರು ಸಿಕ್ಕಿಬೀಳುವುದು ಇಲ್ಲೇ. ಎನ್‌ಎಚ್‌ಎಸ್‌ ಆ್ಯಪಿನ ನೋಟಿಫಿಕೇಶನ್ ಆನ್ ಇಟ್ಟುಕೊಂಡು ಹೋಗಿ. ಇನ್ನೊಂದು, ಜಿಪಿ ಬರೆದುಕೊಡುವಾಗಲೇ ಯಾವ ಆಸ್ಪತ್ರೆ ಎಂದು ಆರಿಸುವ ಹಕ್ಕು ನಿಮಗಿದೆ. ಎನ್‌ಎಚ್‌ಎಸ್‌ ಖರ್ಚಿನಲ್ಲಿ ನೋಡುವ ಖಾಸಗಿ ಆಸ್ಪತ್ರೆಗಳೂ ಆ ಪಟ್ಟಿಯಲ್ಲಿರುತ್ತವೆ. ಇಪ್ಪತ್ತು ಮೈಲಿ ಆಚೆ ಹೋಗಲು ತಯಾರಿದ್ದರೆ ತಿಂಗಳುಗಳೇ ಉಳಿಯಬಹುದು.

ಭಾಷೆಯ ವಿಷಯ. ಕರಪತ್ರಗಳು ಗುಜರಾತಿ, ಪಂಜಾಬಿ, ಉರ್ದು, ಬಂಗಾಳಿಯಲ್ಲಿ ಸುಲಭವಾಗಿ ಸಿಗುತ್ತವೆ. ಕನ್ನಡದ್ದು ಸಿಕ್ಕರೆ ನಿಮ್ಮ ಪುಣ್ಯ. ಆದರೆ ದುಭಾಷಿಯನ್ನು ಉಚಿತವಾಗಿ ಕೇಳಬಹುದು, ಮೊದಲೇ ಹೇಳಿಟ್ಟರೆ ಫೋನಿನಲ್ಲಾದರೂ ಒದಗಿಸುತ್ತಾರೆ. ಅಮ್ಮನ ಕಾಯಿಲೆಯನ್ನು ಹನ್ನೆರಡು ವರ್ಷದ ಮಗಳ ಬಾಯಲ್ಲಿ ಹೇಳಿಸಬೇಡಿ. ಅಮ್ಮ ಅರ್ಧ ಮುಚ್ಚಿಡುತ್ತಾರೆ.

ಪ್ರವಾಸಿ ವೀಸಾದಲ್ಲಿ ಬರುವ ಅಪ್ಪ ಅಮ್ಮನಿಗೆ ಸರ್‌ಚಾರ್ಜಿನ ರಕ್ಷಣೆ ಇಲ್ಲ. ಜಿಪಿ ನೋಡಿದರೆ, ಎ ಆ್ಯಂಡ್ ಇ ಎಂಬ ತುರ್ತು ವಿಭಾಗದಲ್ಲಿ ಚಿಕಿತ್ಸೆ ಕೊಟ್ಟರೆ ಶುಲ್ಕವಿಲ್ಲ. ವಾರ್ಡಿಗೆ ಸೇರಿಸಿಕೊಂಡ ಕ್ಷಣದಿಂದ ಬಿಲ್ಲು ಶುರು, ಅದೂ ಎನ್‌ಎಚ್‌ಎಸ್‌ ದರದ ಒಂದೂವರೆ ಪಟ್ಟು. 500 ಪೌಂಡ್ ಅಥವಾ ಹೆಚ್ಚಿನ ಬಾಕಿ ಎರಡು ತಿಂಗಳು ಉಳಿದರೆ ವೀಸಾ ನೋಡಿಕೊಳ್ಳುವ ಹೋಮ್ ಆಫೀಸಿಗೆ ತಿಳಿಸುತ್ತಾರೆ, ಮುಂದಿನ ವೀಸಾಕ್ಕೆ ಅದು ಅಡ್ಡ ಬರಬಹುದು. ಹೊರಡುವ ಮುಂಚೆ ಬಿಪಿ, ಸಕ್ಕರೆ ಕಾಯಿಲೆಗಳನ್ನು ಹೇಳಿಯೇ ವಿಮೆ ಮಾಡಿಸಿ. ಮುಚ್ಚಿಟ್ಟು ಮಾಡಿಸಿದ ವಿಮೆ ಬೇಕಾದ ದಿನ ಕೈಕೊಡುತ್ತದೆ.

ಕೊನೆಯದಾಗಿ, ಲಸಿಕೆಗೆ ದುಡ್ಡು ಕಟ್ಟಿ, ಬ್ಯಾಂಕ್ ವಿವರ ಕೊಡಿ ಎಂದು ಎನ್‌ಎಚ್‌ಎಸ್‌ ಹೆಸರಿನಲ್ಲಿ ಬರುವ ಮೆಸೇಜ್ ಮೋಸದ್ದು. ಲಿಂಕ್ ಒತ್ತದೆ ಅದನ್ನು ಮೋಸದ ಮೆಸೇಜುಗಳ ದೂರಿನ ಸಂಖ್ಯೆ 7726ಕ್ಕೆ ಫಾರ್ವರ್ಡ್ ಮಾಡಿ, ಅನುಮಾನ ಉಳಿದರೆ ಆ್ಯಪ್ ತೆರೆದು ಅಲ್ಲಿ ಅದೇ ಸಂದೇಶ ಇದೆಯೇ ನೋಡಿ, ಇಲ್ಲವೇ ಸರ್ಜರಿಗೆ ಫೋನ್ ಮಾಡಿ ಕೇಳಿ.