ಜೀವನಾಂಶದ ಅರ್ಜಿ ಮೊದಲು ಹಾಕಿಬಿಡಿ

ವಿಚ್ಛೇದನದ ಕೇಸು ನಡೀತಿದ್ದರೆ ಮಧ್ಯಂತರ ಜೀವನಾಂಶದ (ಕೇಸು ಮುಗಿಯುವವರೆಗೆ ಖರ್ಚಿಗೆ ಸಿಗುವ ದುಡ್ಡು) ಅರ್ಜಿಯನ್ನು ಈಗಲೇ ಹಾಕಿಸಿ, ರಾಜಿ ಆಗಬಹುದು ಅಂತ ಸುಮ್ನೆ ಕಾಯಬೇಡಿ. ಸುಪ್ರೀಂ ಕೋರ್ಟಿನ 2020ರ ತೀರ್ಪಿನ ಪ್ರಕಾರ ಜೀವನಾಂಶದ ಲೆಕ್ಕ ಶುರುವಾಗುವುದು ಅರ್ಜಿ ಹಾಕಿದ ದಿನದಿಂದ. ಆದೇಶ ತಡವಾದರೂ ಆ ತಿಂಗಳುಗಳ ದುಡ್ಡು ಬಾಕಿಯಾಗಿ ಬರಬೇಕು. ಇಬ್ಬರೂ ಆಸ್ತಿ, ಆದಾಯ, ಖರ್ಚಿನ ಅಫಿಡವಿಟ್ (ಪ್ರಮಾಣ ಮಾಡಿ ಬರೆದುಕೊಡುವ ಹೇಳಿಕೆ) ಕೊಡಬೇಕಾಗುತ್ತದೆ. ಅದಕ್ಕೆ ಬಾಡಿಗೆ ಕರಾರು, ಮಕ್ಕಳ ಫೀಸ್ ರಸೀದಿ, ಪಾಸ್‌ಬುಕ್ ಜೆರಾಕ್ಸ್ ಎಲ್ಲ ಒಂದೇ ಫೈಲಿನಲ್ಲಿಡಿ. ಮೆಡಿಕಲ್ ಶಾಪಿನ ಬಿಲ್ಲಿನ ಅಕ್ಷರ ಬೇಗ ಮಾಸಿಹೋಗುತ್ತದೆ, ಬಂದ ದಿನವೇ ಫೋಟೋ ತೆಗೆಯಿರಿ. ನಿಮಗೇ ಒಳ್ಳೆ ಸಂಬಳವಿದ್ದರೆ ನಿಮ್ಮ ಪಾಲಿನ ಜೀವನಾಂಶ ಸಿಗದಿರಬಹುದು, ಮಕ್ಕಳ ಖರ್ಚು ಆಗಲೂ ಕೇಳಬಹುದು. ಸಂಬಳ ಮಾತ್ರ ಮುಚ್ಚಿಡಬೇಡಿ, ಸಿಕ್ಕಿಬಿದ್ದರೆ ಕೇಸೇ ಕೆಡುತ್ತದೆ. ವಕೀಲರಿಗೆ ಕೊಡಲು ದುಡ್ಡಿಲ್ವಾ? ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ, ಸಹಾಯವಾಣಿ 15100.